ಮುಸುಕಿನ ಜೋಳ

ಗೌರಿಬಿದನೂರಿನ ಗೋದಾಮಿನ ಮೂಲೆಯಲ್ಲಿ,
ತಕ್ಕಡಿಯ ಪಕ್ಕ, ಹರಿದ ಗೋಣಿಗಳ ಪಕ್ಕ,
ನನ್ನ ಎಕ್ಸ್‌ರೇ ಪೆಟ್ಟಿಗೆ.
ಹೋಟೆಲಿನವರು ಬೋಂಡಾ ಇಡುವ ಬೀರುವಿನಷ್ಟು ಗಾತ್ರ.
ಮೊದಲ ದಿನ ಹಮಾಲಿ ಪ್ಯಾರೇಜಾನ್ ಬಗ್ಗಿ ನೋಡಿ
‘ವಡೆ ಖಾಲಿನಾ ಮೇಡಂ?’ ಅಂದಿದ್ದ.

ಹದಿನಾಲ್ಕು ವರ್ಷ ಎದೆಗಳ ಚಿತ್ರ ತೆಗೆದವಳು ನಾನು.
ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ:
ದಿನಕ್ಕೆ ಅರವತ್ತು ಸಲ ಇದೇ ಮೂರು ಮಾತು.
ಈಗ ತಟ್ಟೆಗೆ ನೂರು ಕಾಳು.
ಹೇಳದಿದ್ದರೂ ಅಲುಗವು.
ಅಭ್ಯಾಸಬಲ, ಗುಂಡಿ ಒತ್ತುವಾಗ
ನನ್ನುಸಿರನ್ನೇ ಹಿಡಿಯುತ್ತೇನೆ.

ಮುಸುಕಿನ ಜೋಳ ಅಂತ ಹೆಸರಿಟ್ಟವರು ಯಾರೋ.
ಸಿಪ್ಪೆ ಸುಲಿದು, ಕೂದಲು ಕಿತ್ತು, ಯಂತ್ರಕ್ಕೆ ಕೊಟ್ಟು ಬಿಡಿಸಿ,
ಎಂಟು ದಿನ ಕಣದ ಬಿಸಿಲಿಗೆ ಹರವಿ
ಇನ್ನು ಮುಸುಕೆಲ್ಲ ಕಳೆಯಿತು ಅಂದುಕೊಂಡಾಗಲೂ
ಒಂದೊಂದು ಕಾಳೂ ಹೊದ್ದೇ ಕೂತಿರುತ್ತದೆ:
ಹಳದಿ, ನುಣುಪು, ಏನೂ ಹೇಳದ ಮುಖ.
ಹೆಣ್ಣು ಮೂತಿಹುಳು ಸೂಜಿಮೊನೆಯಷ್ಟು ಕೊರೆದು
ಮೊಟ್ಟೆಯಿಟ್ಟು, ತನ್ನದೇ ಅಂಟಿನ ಬೆಣೆ ಬಡಿದು,
ಗಾರೆ ಕೆಲಸದವರ ಹಾಗೆ ಮಟ್ಟ ಮಾಡಿ ಹೋಗಿರುತ್ತದೆ.
ಗಾಯದ ಗುರುತಿಲ್ಲ.

ಪರದೆಯಲ್ಲಿ ಗಟ್ಟಿ ಕಾಳು ಬೆಳ್ಳಗೆ,
ತಿಂದ ಜಾಗ ಕಪ್ಪು.
ಆ ಕಪ್ಪಿನೊಳಗೆ ಬೂದು ಬಣ್ಣದ ಒಂದು ಅಲ್ಪವಿರಾಮ.
ಕಾಲಿಲ್ಲ, ಕಣ್ಣಿಲ್ಲ, ಬರೀ ಬಾಯಿ.
ಮೊದಲ ಸಲ ಕಂಡಾಗ, ನಿಜ ಹೇಳುತ್ತೇನೆ,
ಮುದ್ದು ಬಂತು.
ಗಂಡೋ ಹೆಣ್ಣೋ ಹೇಳುವುದು ಇಲ್ಲಿ ಅಪರಾಧವಲ್ಲ,
ಗೋಡೆಯ ಮೇಲೆ ಅಂಥ ಬೋರ್ಡಿಲ್ಲ,
ಕೇಳುವವರೂ ಇಲ್ಲ.
ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾ ಹೋದೆ.
ನೂರಕ್ಕೆ ಏಳು.
ಹನ್ನೆರಡನೇ ಅಟ್ಟಿ, ಕಿಟಕಿ ಸಾಲು. ಹೊಗೆ ಹಾಕಬೇಕು.

‘ಅದಾ?’ ಅಂದಳು ಅಕ್ಕಯ್ಯಮ್ಮ, ಕಸಬರಿಕೆ ನಿಲ್ಲಿಸಿ.
‘ಆ ಸಾಲು ಶಿವರಾತ್ರಿಯಿಂದಲೂ ಮಾತಾಡ್ತಾ ಐತೆ.’
ಚೀಲಕ್ಕೆ ಕಿವಿಯಾನಿಸಿ ತೋರಿಸಿದಳು.
ನಾನೂ ಆನಿಸಿದೆ. ಗೋಣಿ ಚುಚ್ಚಿತು.
ದೂರದಲ್ಲಿ ರೈಲು, ಹತ್ತಿರದಲ್ಲಿ
ಹಿಂದಕ್ಕೆ ಬರುವ ಲಾರಿಯ ಕೂಗು, ಬೇರೇನಿಲ್ಲ.
‘ಪುರುಗು,’ ಅಂದಳು ತನ್ನ ಮನೆಮಾತಿನಲ್ಲಿ,
ಪಕ್ಕದ ಮನೆಯವರ ಹೆಸರು ಹೇಳಿದ ಹಾಗೆ.
‘ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ?’
‘ಯಾರು ಕೇಳಿದ್ರು?’

ಆಮೇಲೆ ಕೆಮ್ಮಿದಳು.

ಆ ಕೆಮ್ಮು ನನಗೆ ಗೊತ್ತು.
ಒಣ, ಗಿಡ್ಡ, ಹೊಸ್ತಿಲವರೆಗೆ ಬಂದು ಒಳಗೇ ಮರಳುವಂಥದ್ದು.
ಹೊರಗೆ ಸಾಲಿನಲ್ಲಿ ಕೂತವರ ಮುಖ ನೋಡದೆಯೇ
ಅಂಥವನ್ನು ಕೋಣೆಯೊಳಗಿಂದ ಎಣಿಸುತ್ತಿದ್ದೆ.
ಇಪ್ಪತ್ತು ವರ್ಷದ ಹೊಟ್ಟು, ದೂಳು, ಗುಳಿಗೆಯ ಹೊಗೆ;
ಅಡ್ಡಕ್ಕೆ ಒಂದು ಸೆರಗು.
‘ಎಷ್ಟು ದಿನದಿಂದ?’
‘ಯಾವುದು?’ ಅಂದಳು.

ನನ್ನ ಪೆಟ್ಟಿಗೆಯ ಬಾಗಿಲು ಒಂದು ಗೇಣು.
ನೂರು ಕಾಳು ಹಿಡಿಯುತ್ತದೆ, ಒಂದು ಎದೆ ಹಿಡಿಯುವುದಿಲ್ಲ.
ಚೀಟಿ ಬರೆದು ಕೊಟ್ಟೆ: ಸರ್ಕಾರಿ ಆಸ್ಪತ್ರೆ, ಹತ್ತನೇ ಕೋಣೆ,
ಸೋಮವಾರ, ಊಟ ಮಾಡಿಯೇ ಬನ್ನಿ,
ಬಳೆ ಇರಲಿ, ಸರ ಮಾತ್ರ ತೆಗೆದಿಡಬೇಕು.
‘ಸೋಮವಾರ ಲೋಡು ಬರುತ್ತೆ,’ ಅಂದು
ನಾಲ್ಕಾಗಿ ಮಡಚಿ ಎಲೆಅಡಿಕೆ ಚೀಲಕ್ಕೆ ಸೇರಿಸಿದಳು,
ಸುಣ್ಣದ ಡಬ್ಬಿಯ ಕೆಳಗೆ.

ಶನಿವಾರ ಅಟ್ಟಿಗೆ ಟಾರ್ಪಾಲು ಹೊದಿಸಿದರು,
ಮತ್ತೊಂದು ಮುಸುಕು.
ಅಂಚಿಗೆ ಮರಳಿನ ಚೀಲ, ಬಾಗಿಲಿಗೆ ಬೀಗ,
ಬೀಗದ ಮೇಲೆ ತಲೆಬುರುಡೆಯ ಚಿತ್ರ.
ಏಳು ದಿನ ಯಾರೂ ಒಳಗೆ ಹೋಗುವಂತಿಲ್ಲ.
ಎಲ್ಲರಿಗೂ ರಜೆ, ಅಕ್ಕಯ್ಯಮ್ಮನಿಗೆ ಕೂಲಿಯಿಲ್ಲದ್ದು.

ಸೋಮವಾರ ಲೋಡು ಬರಲಿಲ್ಲ.
ಹತ್ತನೇ ಕೋಣೆಯ ಹೊರಗೆ, ಹಳೆಯ ಬೆಂಚಿನ ತುದಿಯಲ್ಲಿ
ನಾನು ಕೂತಿದ್ದೆ, ರೋಗಿಗಳ ಕಡೆ,
ಬಂದವರ ಮುಖ ನೋಡದೆ
ಬರೀ ಕಿವಿಯಾನಿಸಿ.
ಒಳಗೆ ಯಾರೋ ಹೊಸ ಹುಡುಗ:
ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ.

ಬಿಡಿ ಅನ್ನಲು ಯಾಕೋ ತುಂಬ ತಡ ಮಾಡಿದ.